ಉಸಿರು ಮತ್ತು ರಕ್ತ: ಹಗೇವು, ಹೊಲ, ಕೊಟ್ಟಿಗೆಗಳಲ್ಲಿ ಪ್ರಾಣರಕ್ಷಣೆಯ ವಿಚಾರ

(ಸಿಂಧನೂರು ತಾಲ್ಲೂಕು ದಢೇಸುಗೂರಿನಲ್ಲಿ ಸೇರಿದ್ದ ಭೂಹಿಡುವಳಿದಾರರ ಹಾಗೂ ಗ್ರಾಮಪ್ರಮುಖರ ಸಭೆಯಲ್ಲಿ ವ್ಯವಸಾಯ ಇನ್ಸ್‌ಪೆಕ್ಟರರು ಮಾಡಿದ ಉಪನ್ಯಾಸ)

ಬೀಜ, ಗೊಬ್ಬರ, ನೀರು, ನೇಗಿಲುಗಳ ವಿಚಾರವಾಗಿ ಮಾತನಾಡುವುದು ನಮ್ಮ ಇಲಾಖೆಯವರ ವಾಡಿಕೆ. ಇಂದು ರಕ್ತ ಮತ್ತು ಉಸಿರಾಟಗಳ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು, ಇದು ವೈದ್ಯರ ಕೆಲಸವಲ್ಲವೇ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಒಕ್ಕಲುತನದ ನಡುವೆಯೇ ಸಂಭವಿಸುವ ಅನೇಕ ಮರಣಗಳು ಉಸಿರು ಕಟ್ಟಿಯೋ, ರಕ್ತ ಕೆಟ್ಟೋ ಆಗತಕ್ಕವು. ಹಗೇವಿಗೆ ಇಳಿದವನು ಮೇಲಕ್ಕೆ ಬಾರದೆ ಹೋಗುವುದು, ಎಳೆ ಜೋಳವನ್ನು ಮೇಯ್ದ ಎತ್ತು ಅರ್ಧ ಗಂಟೆಯೊಳಗೆ ಬಿದ್ದು ಸಾಯುವುದು, ಕೀಟನಾಶಕವನ್ನು ಸಿಂಪಡಿಸಿದವನು ಬಾಯಲ್ಲಿ ನೊರೆ ಸುರಿಸುತ್ತ ಮನೆಗೆ ಬರುವುದು, ಇವುಗಳಲ್ಲಿ ಒಂದೊಂದೂ ವೈದ್ಯರು ಬರುವುದಕ್ಕೆ ಮುಂಚೆಯೇ ಮುಗಿದುಹೋಗುವ ಸಂಗತಿ. ಆದುದರಿಂದ ಸ್ಥಳದಲ್ಲಿರುವ ರೈತನಿಗೇ ಕಾರಣವು ತಿಳಿದಿರಬೇಕು. ಕಾರಣವನ್ನು ತಿಳಿದವನು ಉಪಾಯವನ್ನೂ ತಾನೇ ಕಂಡುಕೊಳ್ಳುವನು. ಅದಕ್ಕಾಗಿ ಮೊದಲು ದೇಹದ ಕ್ರಮವನ್ನು ಸಂಕ್ಷೇಪವಾಗಿ ಹೇಳಿ, ಅನಂತರ ನಮ್ಮ ಸೀಮೆಯಲ್ಲಿ ಒದಗುವ ಅಪಾಯಗಳನ್ನು ಒಂದೊಂದಾಗಿ ವಿವರಿಸುತ್ತೇನೆ.

೧. ಉಸಿರಾಟದ ಕ್ರಮ

ನಮ್ಮ ಸುತ್ತಲಿನ ಗಾಳಿಯು ಒಂದೇ ವಸ್ತುವಲ್ಲ. ನೂರು ಪಾಲು ಗಾಳಿಯಲ್ಲಿ ಸುಮಾರು 78 ಪಾಲು ಸಾರಜನಕವೂ 21 ಪಾಲು ಆಮ್ಲಜನಕವೂ ಇರುತ್ತವೆ. ಈ ಆಮ್ಲಜನಕವನ್ನೇ ಪ್ರಾಣವಾಯುವೆಂದು ಕರೆಯುವುದುಂಟು. ಇಂಗಾಲಾಮ್ಲ ವಾಯುವು ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲಿನಷ್ಟು ಮಾತ್ರ ಇರುವುದು. ನಾವು ಒಳಕ್ಕೆ ಎಳೆದುಕೊಂಡ ಗಾಳಿಯನ್ನು ಹೊರಕ್ಕೆ ಬಿಡುವಾಗ ಅದರಲ್ಲಿ ಆಮ್ಲಜನಕವು 16 ಪಾಲಿಗೆ ಇಳಿದು, ಇಂಗಾಲಾಮ್ಲವು 4 ಪಾಲಿಗೆ ಏರಿರುತ್ತದೆ. ಒಲೆಯಲ್ಲಿ ಸೌದೆಯು ಉರಿದು ಶಾಖವನ್ನು ಕೊಡುವಂತೆ, ದೇಹದಲ್ಲಿ ನಾವು ತಿಂದ ಆಹಾರವು ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಉರಿದು ಶಕ್ತಿಯನ್ನು ಕೊಡುವುದು. ಆ ಉರಿಯ ಹೊಗೆಯೇ ಇಂಗಾಲಾಮ್ಲ ವಾಯುವೆಂದು ತಿಳಿಯಬಹುದು.

ಗಾಳಿಯು ಮೂಗಿನ ಮೂಲಕ ಗಂಟಲಿಗೂ, ಅಲ್ಲಿಂದ ಶ್ವಾಸನಾಳಕ್ಕೂ ಹೋಗಿ, ಮರದ ಬೇರು ಕವಲೊಡೆದಂತೆ ಕವಲೊಡೆಯುತ್ತ ಕಡೆಗೆ ಅತಿ ಸಣ್ಣ ಗಾಳಿಯ ಚೀಲಗಳನ್ನು ಮುಟ್ಟುತ್ತದೆ. ಮನುಷ್ಯನ ಎರಡು ಶ್ವಾಸಕೋಶಗಳಲ್ಲಿ ಇಂತಹ ಚೀಲಗಳು ಮೂವತ್ತು ಕೋಟಿಗೂ ಮಿಕ್ಕಿ ಇವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು, ಅಂದರೆ ಒಂದು ಸಾಧಾರಣ ಕಣದಷ್ಟು ವಿಸ್ತಾರವಾದೀತು. ಪ್ರತಿಯೊಂದು ಚೀಲದ ಸುತ್ತಲೂ ಕೂದಲಿಗಿಂತ ಸಣ್ಣವಾದ ರಕ್ತನಾಳಗಳು ಬಲೆಯಂತೆ ಹೆಣೆದಿರುತ್ತವೆ. ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಅತ್ಯಂತ ತೆಳುವಾದ ಪೊರೆ. ಈ ಪೊರೆಯ ಮೂಲಕವೇ ಆಮ್ಲಜನಕವು ರಕ್ತಕ್ಕೆ ಇಳಿಯುವುದು, ಇಂಗಾಲಾಮ್ಲವು ಹೊರಕ್ಕೆ ಬರುವುದು.

ಸುಮ್ಮನೆ ಕುಳಿತಿರುವ ಪ್ರಾಯದ ಮನುಷ್ಯನು ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುವನು. ಪ್ರತಿ ಸಲಕ್ಕೂ ಸುಮಾರು ಅರ್ಧ ಲೀಟರು ಗಾಳಿಯು ಒಳಗೆ ಹೋಗುವುದು. ವಿಶ್ರಾಂತಿಯಲ್ಲಿರುವ ಎತ್ತು ಆಕಳುಗಳಿಗೆ ನಿಮಿಷಕ್ಕೆ ಸುಮಾರು 15ರಿಂದ 30 ಉಸಿರುಗಳು ಸಹಜ. ಪಕ್ಕೆಯ ಏರಿಳಿತವನ್ನು ನೋಡಿ ಎಣಿಸಿಕೊಳ್ಳಬಹುದು. ಆರೋಗ್ಯದಲ್ಲಿರುವ ತಮ್ಮ ಜಾನುವಾರಿನ ಉಸಿರನ್ನು ಒಮ್ಮೆ ಎಣಿಸಿ ನೆನಪಿಟ್ಟುಕೊಂಡ ರೈತನಿಗೆ, ಅದು ಕಾಯಿಲೆ ಬಿದ್ದ ದಿನ ಬೇಗನೆ ಗೊತ್ತಾಗುವುದು.

೨. ರಕ್ತದ ಕೆಲಸ

ದೊಡ್ಡವರ ದೇಹದಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ಹೃದಯವು ನಿಮಿಷಕ್ಕೆ ಸುಮಾರು 70 ಸಲ ಬಡಿದು, ಒಂದೊಂದು ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ಒಂದು ನಿಮಿಷದಲ್ಲಿ ಹೆಚ್ಚುಕಡಿಮೆ ಅಷ್ಟೂ ರಕ್ತವನ್ನು ಒಂದು ಸುತ್ತು ತಿರುಗಿಸುವುದು. ರಕ್ತವು ಹೀಗೆ ಸುತ್ತುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನು 1628ರಲ್ಲಿ ಪ್ರಕಟಿಸಿದನು. ಆದರೆ ಧಮನಿಯಿಂದ ಹೊರಟ ರಕ್ತವು ಅಭಿಧಮನಿಯನ್ನು ಸೇರುವ ದಾರಿ ಯಾವುದೆಂದು ಅವನಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪೀಗಿ ಎಂಬಾತನು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಸಣ್ಣ ನಾಳಗಳನ್ನು ಕಂಡುಹಿಡಿದನು. ಇದನ್ನು ಕಾಲುವೆಯ ಉಪಮೆಯಿಂದ ಸುಲಭವಾಗಿ ತಿಳಿಯಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಉಪಕಾಲುವೆ, ಉಪಕಾಲುವೆಯಿಂದ ಹೊಲಗಾಲುವೆ, ಅಲ್ಲಿಂದ ಮಡಿಗೆ ನೀರು ಹರಿದು, ಮಿಕ್ಕ ನೀರು ಬಸಿಗಾಲುವೆಯಲ್ಲಿ ಸೇರಿ ಹಳ್ಳಕ್ಕೆ ಹೋಗುವಂತೆ, ರಕ್ತವು ಧಮನಿಗಳಿಂದ ದೇಹದ ಮೂಲೆ ಮೂಲೆಗೆ ಹೋಗಿ ಅಭಿಧಮನಿಗಳ ಮೂಲಕ ಹಿಂದಿರುಗುತ್ತದೆ. ಕಾಲುವೆಯ ನೀರು ಹಳ್ಳ ಸೇರಿದ ಮೇಲೆ ಹಿಂದಕ್ಕೆ ಬಾರದು; ರಕ್ತವಾದರೋ ಶ್ವಾಸಕೋಶದಲ್ಲಿ ಶುದ್ಧವಾಗಿ ಮತ್ತೆ ಅದೇ ದಾರಿಯನ್ನು ಹಿಡಿಯುವುದು.

ರಕ್ತದ ಕೆಂಪು ಬಣ್ಣಕ್ಕೆ ಕಾರಣ ಅದರಲ್ಲಿ ತೇಲುವ ಕೆಂಪು ಕಣಗಳು. ಒಬ್ಬನ ದೇಹದಲ್ಲಿ ಅವು ಸುಮಾರು 25 ಲಕ್ಷ ಕೋಟಿ ಇವೆ. ಒಂದು ಕಣದ ಆಯುಸ್ಸು ಸುಮಾರು 120 ದಿನ. ಹಳೆಯವು ಸತ್ತಂತೆ ಎಲುಬಿನ ಮಜ್ಜೆಯಲ್ಲಿ ಹೊಸವು ಹುಟ್ಟುತ್ತಿರುತ್ತವೆ. ಈ ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ, ಕಬ್ಬಿಣವನ್ನೊಳಗೊಂಡ ವಸ್ತುವಿದೆ. ಆಮ್ಲಜನಕವನ್ನು ಶ್ವಾಸಕೋಶದಲ್ಲಿ ಹೇರಿಕೊಂಡು, ಸ್ನಾಯು, ಮಿದುಳು ಮೊದಲಾದ ಕಡೆಗಳಲ್ಲಿ ಇಳಿಸುವ ಬಂಡಿಯು ಇದೇ. ನೂರು ಮಿಲಿಲೀಟರು ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಅದು ಸುಮಾರು 20 ಮಿಲಿಲೀಟರು ಆಮ್ಲಜನಕವನ್ನು ಹೊರಬಲ್ಲುದು. ಏಳೂವರೆ ಗ್ರಾಂ ಇದ್ದರೆ ಹೊರೆಯು ಹತ್ತಕ್ಕೆ ಇಳಿಯಿತು.

ಇಷ್ಟರಿಂದ ಒಂದು ಮುಖ್ಯ ವಿಷಯವು ಸ್ಪಷ್ಟವಾಗುವುದು. ಪ್ರಾಣವು ನಿಲ್ಲಬೇಕಾದರೆ ಮೂರು ಸಂಗತಿಗಳು ಸರಿಯಾಗಿರಬೇಕು: ಗಾಳಿಯಲ್ಲಿ ಆಮ್ಲಜನಕವಿರಬೇಕು, ಅದನ್ನು ಹೊರುವ ರಕ್ತವು ಸಮರ್ಥವಾಗಿರಬೇಕು, ಹೊತ್ತು ತಂದುದನ್ನು ಬಳಸಿಕೊಳ್ಳುವ ಶಕ್ತಿಯು ಅಂಗಾಂಗಗಳಿಗೆ ಇರಬೇಕು. ಮೂರರಲ್ಲಿ ಯಾವುದೊಂದು ಕೆಟ್ಟರೂ ಕೆಲವು ನಿಮಿಷಗಳಲ್ಲಿ ಮರಣವು ಬರಬಹುದು. ಮಿದುಳಿಗೆ ನಾಲ್ಕೈದು ನಿಮಿಷ ಆಮ್ಲಜನಕವು ಇಲ್ಲದಿದ್ದರೆ ಅದು ಮತ್ತೆ ಸರಿಹೋಗದಂತೆ ಕೆಡುವುದು. ಹಗೇವಿನಲ್ಲಿ ಕೆಡುವುದು ಮೊದಲನೆಯದು. ಯೂರಿಯಾ ಮಿತಿಮೀರಿದ ಮೇವಿನಲ್ಲಿ ಎರಡನೆಯದು. ಎಳೆ ಜೋಳದಲ್ಲಿ ಮೂರನೆಯದು.

೩. ಹಗೇವಿನ ಗಾಳಿ

ನಮ್ಮ ಎರೆಭೂಮಿಯ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುವುದು ಹಿಂದಿನಿಂದ ಬಂದ ಪದ್ಧತಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದಾದ ನೆಲಗುಣಿಯನ್ನು ತೋಡಿ, ಸುತ್ತಲೂ ಹುಲ್ಲು ಕಟ್ಟಿ, ಕಾಳನ್ನು ಸುರಿದು, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತುವರು. ಈಗ ಗೋದಾಮುಗಳೂ ಲೋಹದ ಕಣಜಗಳೂ ಬಂದು ಹಗೇವುಗಳು ಕಡಿಮೆಯಾಗಿದ್ದರೂ, ಹಳೆಯವು ಅನೇಕ ಊರುಗಳಲ್ಲಿ ಹಾಗೆಯೇ ಇವೆ. ಹಗೇವಿನಲ್ಲಿ ನುಸಿ, ಹುಳು ಹತ್ತದೆ ಕಾಳು ವರ್ಷಗಟ್ಟಲೆ ಉಳಿಯುವುದಕ್ಕೆ ಕಾರಣವೇನು? ಕಾಳೂ ಜೀವವುಳ್ಳ ವಸ್ತು, ಅದೂ ಉಸಿರಾಡುವುದು. ಮುಚ್ಚಿದ ಗುಣಿಯಲ್ಲಿ ಕಾಳೂ ಹುಳುಗಳೂ ಬೂಷ್ಟೂ ಸೇರಿ ಅಲ್ಲಿರುವ ಆಮ್ಲಜನಕವನ್ನು ಮುಗಿಸಿ ಇಂಗಾಲಾಮ್ಲವನ್ನು ತುಂಬಿಬಿಡುತ್ತವೆ. ಆಗ ಹುಳುಗಳು ಉಸಿರಿಲ್ಲದೆ ಸಾಯುತ್ತವೆ. ಹುಳುವನ್ನು ಕೊಂದ ಆ ಗಾಳಿಯೇ ಮನುಷ್ಯನನ್ನೂ ಕೊಲ್ಲುವುದು. ಹಗೇವಿನ ಗುಣವೂ ದೋಷವೂ ಒಂದೇ ಮೂಲದಿಂದ ಬಂದವು.

ಇಂಗಾಲಾಮ್ಲವು ಸಾಧಾರಣ ಗಾಳಿಗಿಂತ ಒಂದೂವರೆ ಪಾಲು ಭಾರ. ಆದುದರಿಂದ ಬಾಯಿ ತೆರೆದ ಮಾತ್ರಕ್ಕೆ ಅದು ಮೇಲೆದ್ದು ಹೋಗುವುದಿಲ್ಲ. ನೀರು ನಿಂತಂತೆ ತಳದಲ್ಲಿ ನಿಂತಿರುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನೂರಕ್ಕೆ ಹತ್ತು ಪಾಲಾದರೆ ಕೆಲವು ನಿಮಿಷಗಳಲ್ಲಿ ಪ್ರಜ್ಞೆ ತಪ್ಪುವುದು. ಮೂವತ್ತು ಪಾಲಾದರೆ ಕೆಲವೇ ಉಸಿರುಗಳಲ್ಲಿ ಮನುಷ್ಯನು ಕುಸಿಯುವನು. ಕೂಗಿ ಕರೆಯುವುದಕ್ಕೂ ಸಮಯವಿರುವುದಿಲ್ಲ. ಕಾಳು ಹಸಿಯಾಗಿದ್ದಷ್ಟೂ ಅದರ ಉಸಿರಾಟ ಹೆಚ್ಚು. ಆದಕಾರಣ ಮಳೆಗಾಲದಲ್ಲಿ ನೀರು ಜಿನುಗಿದ ಹಗೇವು ಎಲ್ಲಕ್ಕಿಂತ ಅಪಾಯಕರ.

ಹಗೇವಿನ ಮರಣದಲ್ಲಿ ಒಂದು ಭಯಂಕರವಾದ ಕ್ರಮವುಂಟು. ಮೊದಲು ಇಳಿದವನು ಬೀಳುವನು. ಅವನು ಮಾತನಾಡಲಿಲ್ಲವೆಂದು ಅಣ್ಣನೋ ತಮ್ಮನೋ ಗಾಬರಿಯಿಂದ ಇಳಿಯುವನು. ಇಬ್ಬರನ್ನೂ ಎತ್ತಲು ನೆರೆಯವನು ಇಳಿಯುವನು. ಒಬ್ಬನ ಮರಣವು ಮೂವರದಾಗುವುದು. ಇವರಲ್ಲಿ ಧೈರ್ಯವಿಲ್ಲದವರು ಯಾರೂ ಇಲ್ಲ. ಕಾರಣವನ್ನು ತಿಳಿಯದವರು ಮಾತ್ರ. ಇದನ್ನು ದೆವ್ವದ ಕಾಟವೆಂದೂ ನೆಲದ ಬಲಿಯೆಂದೂ ಹೇಳುವವರುಂಟು. ಕಾಟವಾವುದೂ ಇಲ್ಲ, ಅಲ್ಲಿ ಉಸಿರಾಡತಕ್ಕ ಗಾಳಿಯಿಲ್ಲ, ಅಷ್ಟೆ. ಮೂಗಿಗೆ ಒದ್ದೆಯ ವಸ್ತ್ರವನ್ನು ಕಟ್ಟಿಕೊಂಡು ಇಳಿಯುವ ವಾಡಿಕೆಯೂ ವ್ಯರ್ಥವೇ. ವಸ್ತ್ರವು ಧೂಳನ್ನು ತಡೆಯಬಲ್ಲುದೇ ಹೊರತು ಇಲ್ಲದ ಆಮ್ಲಜನಕವನ್ನು ತಂದುಕೊಡಲಾರದು.

ದೀಪವನ್ನು ಇಳಿಸಿ ನೋಡುವ ಪದ್ಧತಿಯ ಬಗ್ಗೆ ಒಂದು ಮಾತು. ಹಗ್ಗಕ್ಕೆ ಕಂದೀಲನ್ನು ಕಟ್ಟಿ ಇಳಿಸಿದಾಗ ಅದು ನಂದಿದರೆ, ಅಲ್ಲಿ ಇಳಿಯಲೇ ಕೂಡದು. ಆದರೆ ದೀಪವು ಉರಿಯುತ್ತಿದೆಯೆಂದು ನಿರ್ಭಯವಾಗಿ ಇಳಿಯುವುದೂ ಸರಿಯಲ್ಲ. ಮನುಷ್ಯನಿಗೆ ಕೇಡು ಮಾಡುವಷ್ಟು ಇಂಗಾಲಾಮ್ಲವಿದ್ದರೂ ದೀಪವು ಇನ್ನೂ ಉರಿಯುತ್ತಿರಬಹುದು. ನಂದಿದ ದೀಪವು ಖಂಡಿತವಾದ ನಿಷೇಧ. ಉರಿಯುವ ದೀಪವು ಪೂರ್ಣವಾದ ಅಪ್ಪಣೆಯಲ್ಲ. ಸೆಗಣಿ ಗ್ಯಾಸಿನ ಗುಂಡಿ, ಮಲದ ಗುಂಡಿಗಳಲ್ಲಾದರೋ ಉರಿಯುವ ಅನಿಲವೂ ವಿಷವಾಯುವೂ ಇರುವುದರಿಂದ ಅಲ್ಲಿ ದೀಪವನ್ನೇ ಒಯ್ಯಕೂಡದು, ಮನುಷ್ಯನನ್ನೂ ಇಳಿಸಕೂಡದು. ಮಲದ ಗುಂಡಿಗಳಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ.

ಹಗೇವನ್ನು ತೆರೆಯುವ ಸರಿಯಾದ ಕ್ರಮ ಹೀಗಿದೆ. ಬಾಯಿಯ ಬಂಡೆಯನ್ನು ತೆಗೆದು ಒಂದು ಪೂರ್ಣ ದಿನ ಬಿಡತಕ್ಕದ್ದು. ಆ ಸಮಯದಲ್ಲಿ ಬಾಗಿ ನೋಡಕೂಡದು, ಮಕ್ಕಳನ್ನು ಹತ್ತಿರ ಬಿಡಕೂಡದು. ಅನಂತರ ಗಾಳಿಯನ್ನು ಬಲವಂತವಾಗಿ ಒಳಗೆ ಕಳುಹಿಸಬೇಕು. ಕಾಳು ತೂರುವ ವಿದ್ಯುತ್ ಪಂಖಕ್ಕೆ ಬಟ್ಟೆಯ ಅಥವಾ ತಗಡಿನ ಕೊಳವೆಯನ್ನು ಜೋಡಿಸಿ, ಅದರ ತುದಿಯನ್ನು ತಳದವರೆಗೆ ಇಳಿಬಿಟ್ಟರೆ ಭಾರವಾದ ಕೆಟ್ಟ ಗಾಳಿಯು ಮೇಲಕ್ಕೆ ನೂಕಲ್ಪಡುವುದು. ಸಾಧ್ಯವಾದಷ್ಟು ಕಾಳನ್ನು ಮೇಲಿನಿಂದಲೇ ಬಕೀಟಿನಿಂದ ಎತ್ತಬೇಕು. ಇಳಿಯಲೇಬೇಕಾದಲ್ಲಿ, ಗಾಳಿಯನ್ನು ನಿಲ್ಲಿಸದೆ, ದೀಪವನ್ನು ಪರೀಕ್ಷಿಸಿ, ಇಳಿಯುವವನ ಎದೆ ಭುಜಗಳಿಗೆ ಹಗ್ಗವನ್ನು ಭದ್ರವಾಗಿ ಕಟ್ಟಿ, ಮೇಲೆ ಮೂವರು ಬಲಿಷ್ಠರನ್ನು ನಿಲ್ಲಿಸಬೇಕು. ಕೆಳಗಿನವನು ಉತ್ತರ ಕೊಡದಿದ್ದರೆ ಆ ಕ್ಷಣವೇ ಮೇಲಕ್ಕೆ ಎಳೆಯಬೇಕು. ಮೇಲಿರುವವರು ಯಾವ ಕಾರಣಕ್ಕೂ ಇಳಿಯಕೂಡದು. ಹಗ್ಗವಿಲ್ಲದೆ ಇಳಿದವನು ಬಿದ್ದಿದ್ದರೆ ಗಾಳಿಯನ್ನು ಒಳಗೆ ಊದುತ್ತ 112 ಸಂಖ್ಯೆಗೆ ತಿಳಿಸತಕ್ಕದ್ದು. ಪಾಳುಬಿದ್ದ ಬಾವಿಗಳಿಗೂ ಇದೇ ಎಚ್ಚರಿಕೆಯು ಅನ್ವಯಿಸುತ್ತದೆ. ಊರಿನಲ್ಲಿ ಎಷ್ಟು ಹಗೇವುಗಳೂ ಹಾಳು ಬಾವಿಗಳೂ ಇವೆಯೆಂಬ ಪಟ್ಟಿಯನ್ನು ಗ್ರಾಮಪ್ರಮುಖರು ಬರೆಸಿಟ್ಟು, ಬಳಕೆಯಲ್ಲಿಲ್ಲದವನ್ನು ಮಣ್ಣಿನಿಂದ ತುಂಬಿಸಿದರೆ ದೊಡ್ಡ ಉಪಕಾರವಾದೀತು.

೪. ಎಳೆ ಜೋಳದ ವಿಷ

ಜೋಳದ ಎಳೆಯ ಪೈರಿನಲ್ಲಿ ಒಂದು ವಸ್ತುವಿದ್ದು, ಅದು ಜಗಿದಾಗಲೂ ಜಾನುವಾರಿನ ದೊಡ್ಡ ಹೊಟ್ಟೆಯಲ್ಲಿಯೂ ಒಡೆದು ಹೈಡ್ರೋಸಯನಿಕ್ ಆಮ್ಲವೆಂಬ ಉಗ್ರ ವಿಷವಾಗುತ್ತದೆ. ಮೊಣಕಾಲೆತ್ತರದ ಒಳಗಿನ ಪೈರು, ಮಳೆ ಹೋಗಿ ಬಾಡಿ ಗಿಡ್ಡಾದ ಪೈರು, ಕೊಯ್ದ ಮೇಲೆ ಒಡೆದ ಕೂಳೆಯ ಚಿಗುರು, ಈ ಮೂರರಲ್ಲಿ ವಿಷವು ಹೆಚ್ಚು. ಬರಗಾಲದಲ್ಲಿ ಮೇವಿಲ್ಲದೆ, ಒಣಗಿದ ಜೋಳದ ಹೊಲಕ್ಕೆ ದನವನ್ನು ಬಿಡುವಾಗಲೇ ಹಾನಿಯು ಸಂಭವಿಸುವುದು. ಬಡವನಿಗೆ ಬರದ ಮೇಲೆ ಎತ್ತಿನ ಮರಣವೂ ಬಂದರೆ, ಮುಂದಿನ ಮುಂಗಾರಿನ ಒಕ್ಕಲುತನವೇ ನಿಂತುಹೋಗುವುದು.

ಈ ವಿಷದ ಕ್ರಿಯೆಯು ವಿಚಿತ್ರ. ಗಾಳಿಯು ಒಳ್ಳೆಯದೇ ಇರುತ್ತದೆ. ರಕ್ತವು ಆಮ್ಲಜನಕವನ್ನು ಚೆನ್ನಾಗಿ ಹೊತ್ತು ತಂದಿರುತ್ತದೆ. ಆದರೆ ಅಂಗಾಂಗಗಳು ಅದನ್ನು ಬಳಸಿಕೊಳ್ಳಲಾರವು. ಬಂಡಿಯು ಬಾಗಿಲಿಗೆ ಬಂದಿದ್ದರೂ ಮೂಟೆಯನ್ನು ಇಳಿಸಿಕೊಳ್ಳುವವರಿಲ್ಲ. ಆದುದರಿಂದ ಆಮ್ಲಜನಕವು ರಕ್ತದಲ್ಲಿಯೇ ಉಳಿದು, ರಕ್ತವು ಕುಂಕುಮದಂತೆ ಹೊಳೆಯುವ ಕೆಂಪಾಗಿರುವುದು. ದನವು ವೇಗವಾಗಿ ಏದುಸಿರು ಬಿಡುವುದು, ತೂರಾಡುವುದು, ಜೊಲ್ಲು ಸುರಿಸುವುದು, ಬಿದ್ದು ಕಾಲು ಬಡಿಯುವುದು. ಮೇಯ್ದ ಹತ್ತು ಹದಿನೈದು ನಿಮಿಷಗಳಲ್ಲಿಯೇ ಈ ಲಕ್ಷಣಗಳು ತೋರಬಹುದು.

ಒಡನೆಯೇ ಉಳಿದ ದನಗಳನ್ನು ಹೊಲದಿಂದ ಹೊರಡಿಸಿ, ಪಶುವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಪಶುವೈದ್ಯ ಸಹಾಯಕ್ಕೆ 1962 ಎಂಬ ದೂರವಾಣಿ ಸಂಖ್ಯೆಯಿದೆ. ಕರೆಯುವಾಗ ದನವು ಎಳೆ ಜೋಳವನ್ನು ಮೇಯ್ದಿತೆಂದು ತಪ್ಪದೆ ಹೇಳಬೇಕು. ಏಕೆಂದರೆ ಇದಕ್ಕೆ ಪ್ರತ್ಯೇಕವಾದ ಪ್ರತಿವಿಷವುಂಟು. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧಗಳನ್ನು ರಕ್ತನಾಳಕ್ಕೆ ಕೊಟ್ಟರೆ ಬಿದ್ದ ದನವೂ ಏಳುವುದುಂಟು. ಇವನ್ನು ವೈದ್ಯರೇ ಅಳೆದು ಕೊಡತಕ್ಕದ್ದು; ಅಳತೆ ತಪ್ಪಿದರೆ ಔಷಧವೇ ವಿಷ.

ತಡೆಯುವ ಉಪಾಯವು ಸುಲಭ. ಜೋಳವು ಹೂ ಬಿಡುವವರೆಗೆ ಹಸಿಯಾಗಿ ಮೇಯಿಸಬಾರದು. ಬಾಡಿದ ಪೈರಿಗೆ ಮಳೆ ಬಿದ್ದು ಹೊಸ ಚಿಗುರು ಬಂದಾಗ ಇನ್ನೂ ಎಚ್ಚರಿಕೆ ಬೇಕು. ಕೊಯ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇವಿನಲ್ಲಿ ವಿಷವು ಬಹಳ ಮಟ್ಟಿಗೆ ಇಳಿಯುವುದು. ಹಸಿದ ದನವನ್ನು ನೇರವಾಗಿ ಬಿಡದೆ, ಮೊದಲು ಒಣ ಹುಲ್ಲನ್ನು ತಿನ್ನಿಸುವುದು ಒಳ್ಳೆಯದು.

೫. ಯೂರಿಯಾ ಮಿತಿಮೀರಿದ ಮೇವು

ಇದು ಇನ್ನೊಂದು ಬಗೆಯ ಕೇಡು. ಸಾರಜನಕದ ಗೊಬ್ಬರವನ್ನು ಅತಿಯಾಗಿ ಹಾಕಿದ ಜೋಳ, ಮೆಕ್ಕೆಜೋಳ, ಮೇವಿನ ಹುಲ್ಲುಗಳು ಬರದಲ್ಲಾಗಲಿ ಮೋಡ ಮುಚ್ಚಿದ ದಿನಗಳಲ್ಲಾಗಲಿ ಬೆಳವಣಿಗೆ ನಿಂತಾಗ, ಕಾಂಡದಲ್ಲಿ ನೈಟ್ರೇಟ್ ಎಂಬ ಲವಣವನ್ನು ಕೂಡಿಹಾಕಿಕೊಳ್ಳುತ್ತವೆ. ಇದು ದನದ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ, ಹಿಮೋಗ್ಲೋಬಿನ್ ತನ್ನ ಗುಣವನ್ನು ಕಳೆದುಕೊಂಡು ಆಮ್ಲಜನಕವನ್ನು ಹೊರಲಾರದಾಗುವುದು. ರಕ್ತವು ಬೆಲ್ಲದ ಪಾಕದಂತೆ ಕಂದುಬಣ್ಣಕ್ಕೆ ತಿರುಗುವುದು. ಏದುಸಿರು, ನಿಶ್ಶಕ್ತಿ, ಬೀಳುವಿಕೆ ಇವು ಎಳೆ ಜೋಳದ ವಿಷದಂತೆಯೇ ತೋರಿದರೂ, ರಕ್ತದ ಬಣ್ಣವು ಎರಡನ್ನೂ ಬೇರೆ ಮಾಡುವುದು: ಹೊಳೆಯುವ ಕೆಂಪು ಮೊದಲನೆಯದಕ್ಕೆ, ಕಂದು ಎರಡನೆಯದಕ್ಕೆ. ಔಷಧವೂ ಬೇರೆ, ಇದಕ್ಕೆ ಮಿಥಿಲೀನ್ ನೀಲಿಯನ್ನು ವೈದ್ಯರು ಕೊಡುವರು. ಎಳೆ ಜೋಳದ ಪ್ರತಿವಿಷವನ್ನು ಇಲ್ಲಿ ಕೊಟ್ಟರೆ ಕೇಡು ಹೆಚ್ಚುವುದು. ಆದುದರಿಂದಲೇ ದನವು ಏನನ್ನು ತಿಂದಿತೆಂದು ಸರಿಯಾಗಿ ಹೇಳುವುದು ಅಗತ್ಯ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ನೈಟ್ರೇಟು ಒಣಗಿಸಿದರೆ ಹೋಗುವುದಿಲ್ಲ. ಅದು ಕಾಂಡದ ಬುಡದಲ್ಲಿ ಹೆಚ್ಚಾಗಿರುವುದರಿಂದ ಬುಡವನ್ನು ಹೊಲದಲ್ಲಿಯೇ ಬಿಟ್ಟು ಎತ್ತರಕ್ಕೆ ಕೊಯ್ಯತಕ್ಕದ್ದು. ಇದೇ ಲವಣವು ಬಾವಿಯ ನೀರಿನಲ್ಲಿ ಸೇರಿದರೆ, ಸೀಸೆಯ ಹಾಲನ್ನು ಆ ನೀರಿನಲ್ಲಿ ಕಲಸಿ ಕುಡಿಸುವ ಆರು ತಿಂಗಳೊಳಗಿನ ಕೂಸುಗಳಿಗೆ ಮೈ ನೀಲಿಗಟ್ಟುವುದುಂಟು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟು ಇರಕೂಡದೆಂದು ಭಾರತದ ಮಾನಕವು ಹೇಳುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆರಿದಷ್ಟೂ ಗಟ್ಟಿಯಾಗುವುದು. ತಿಪ್ಪೆಯ ಪಕ್ಕದಲ್ಲಿಯೂ ಗೊಬ್ಬರ ತುಂಬಿದ ಗದ್ದೆಗಳ ನಡುವೆಯೂ ಇರುವ ಬಾವಿಗಳ ನೀರನ್ನು ಪರೀಕ್ಷೆ ಮಾಡಿಸತಕ್ಕದ್ದು.

೬. ರಕ್ತಹೀನತೆ, ಕೊಕ್ಕೆಹುಳು, ಮಲೇರಿಯಾ

ಹಠಾತ್ತಾಗಿ ಕೊಲ್ಲುವವನ್ನು ಹೇಳಿದೆನು. ಇನ್ನು ಮೆಲ್ಲಗೆ ಕ್ಷೀಣಿಸುವವು. ನೂರು ಮಿಲಿಲೀಟರು ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12, ಗರ್ಭಿಣಿಯರಿಗೆ 11 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆಯೆನ್ನುವರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೂ, ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಮಂದಿಗೂ ಈ ದೋಷವು ಕಂಡುಬಂದಿತು. ನಾಟಿ, ಕಳೆ, ಹತ್ತಿ ಬಿಡಿಸುವ ಕೆಲಸಗಳೆಲ್ಲ ಹೆಂಗಸರ ಕೈಯಿಂದ ನಡೆಯುವ ಈ ಸೀಮೆಯಲ್ಲಿ ಇದು ಮನೆಯ ಮಾತಷ್ಟೇ ಅಲ್ಲ, ಒಕ್ಕಲುತನದ ಮಾತೂ ಹೌದು. ಸ್ವಲ್ಪ ನಡೆದರೆ ಏದುಸಿರು, ಎದೆ ಬಡಿತ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು ಇದರ ಲಕ್ಷಣಗಳು. ಇಂತಹವರನ್ನು ಸೋಮಾರಿಗಳೆಂದು ಬಯ್ಯುವುದು ಅನ್ಯಾಯ. ಅವರ ರಕ್ತಕ್ಕೆ ಹೊರೆ ಹೊರುವ ಶಕ್ತಿಯಿಲ್ಲ. ಸಜ್ಜೆ, ರಾಗಿ, ಹೆಸರು, ಕಡಲೆ, ನುಗ್ಗೆಸೊಪ್ಪು, ಮಾಂಸಾಹಾರಿಗಳಿಗೆ ಮಾಂಸ, ಇವುಗಳಲ್ಲಿ ಕಬ್ಬಿಣವಿದೆ. ಊಟದೊಡನೆ ನಿಂಬೆಯ ಹುಳಿ ಸೇರಿದರೆ ಕಬ್ಬಿಣವು ಮೈಗೆ ಹತ್ತುವುದು. ಊಟದ ಒಡನೆಯೇ ಚಹವನ್ನು ಕುಡಿದರೆ ಅದು ವ್ಯರ್ಥವಾಗುವುದು. ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಕಬ್ಬಿಣದ ಮಾತ್ರೆಗಳನ್ನು ಕೊಡುವರು. ಮಲವು ಕಪ್ಪಾಯಿತೆಂದು ಅವನ್ನು ಎಸೆಯಬಾರದು.

ರಕ್ತವನ್ನು ಹೀರುವ ಕೊಕ್ಕೆಹುಳುವಿನ ಚರಿತ್ರೆಯು ಕೇಳತಕ್ಕದ್ದು. ಬಯಲಿನಲ್ಲಿ ಮಲ ವಿಸರ್ಜಿಸಿದರೆ ಅದರ ಮೊಟ್ಟೆಗಳು ಹಸಿಮಣ್ಣಿನಲ್ಲಿ ಮರಿಯಾಗುತ್ತವೆ. ಬರಿಗಾಲಿನಲ್ಲಿ ನಡೆಯುವವನ ಪಾದದ ಚರ್ಮವನ್ನು ಕೊರೆದು ಅಭಿಧಮನಿಗೆ ಸೇರಿ, ಹೃದಯಕ್ಕೆ ಹೋಗಿ, ಅಲ್ಲಿಂದ ಶ್ವಾಸಕೋಶಕ್ಕೆ ಬಂದು, ಗಾಳಿಯ ಚೀಲಗಳಿಂದ ಗಂಟಲಿಗೆ ಏರಿ, ನುಂಗಿದಾಗ ಕರುಳಿಗೆ ಇಳಿದು, ಅಲ್ಲಿ ಕಚ್ಚಿಕೊಂಡು ರಕ್ತವನ್ನು ಕುಡಿಯುವುದು. ನೀರಾವರಿಯಿಂದ ಮಣ್ಣು ಸದಾ ಹಸಿಯಾಗಿರುವ ಊರುಗಳಿಗೆ ಈ ಭಯ ಹೆಚ್ಚು. ಶೌಚಗೃಹವೂ ಕಾಲಿಗೆ ಮೆಟ್ಟೂ ಇದ್ದರೆ ಹುಳುವಿನ ದಾರಿಯು ಮುಚ್ಚಿತು. ವೈದ್ಯರು ಕೊಡುವ ಆಲ್ಬೆಂಡಜೋಲ್ ಮಾತ್ರೆಯಿಂದ ಒಳಗಿನ ಹುಳು ಸಾಯುವುದು.

ಮಲೇರಿಯಾದ ಕ್ರಿಮಿಯು ಕೆಂಪು ಕಣಗಳ ಒಳಹೊಕ್ಕು ಅವನ್ನು ಒಡೆಯುವುದು. ಅದು ಸೊಳ್ಳೆಯಲ್ಲಿ ಬೆಳೆಯುವುದೆಂಬುದನ್ನು ರೊನಾಲ್ಡ್ ರಾಸ್ ಎಂಬ ವೈದ್ಯನು 1897ನೆಯ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡನು. ಆಗ ನಮ್ಮ ಸಿಂಧನೂರು, ಲಿಂಗಸುಗೂರು ಸೀಮೆಗಳೂ ಅದೇ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ನೀರು ನಿಲ್ಲುವ ಕಡೆ ಸೊಳ್ಳೆ. ಹೊಲಗಾಲುವೆಗಳ ಕಸವನ್ನು ತೆಗೆದು ನೀರು ಹರಿಯುವಂತೆ ಮಾಡುವುದರಿಂದ ಬೆಳೆಗೂ ಜನಕ್ಕೂ ಹಿತವಾಗುವುದು.

೭. ಧೂಳು, ಹೊಗೆ, ಸಿಂಪರಣೆ

ನಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಚಿನ್ನವು ಬೆಣಚುಕಲ್ಲಿನೊಳಗೆ ಅಡಗಿರುವುದು. ಆ ಕಲ್ಲಿನ ನುಣ್ಣನೆಯ ಧೂಳು ಗಾಳಿಯ ಚೀಲಗಳನ್ನು ಸೇರಿದರೆ ಅಲ್ಲಿ ಗಾಯದ ಗಂಟುಗಳಾಗಿ ಶ್ವಾಸಕೋಶವು ಬಿರುಸಾಗುವುದು. ಕ್ಷಯವೂ ಸುಲಭವಾಗಿ ಹತ್ತುವುದು. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಇದನ್ನು 1940ರ ದಶಕದಲ್ಲಿ ವೈದ್ಯರು ವಿವರವಾಗಿ ವರ್ಣಿಸಿದರು. ಒಮ್ಮೆ ಬಂದರೆ ಗುಣವಾಗದು. ನೀರು ಹಾಯಿಸಿ ಕೊರೆದು ಧೂಳನ್ನು ಅಡಗಿಸುವುದೇ ರಕ್ಷಣೆ. ಬಿತ್ತನೆಯಿಲ್ಲದ ತಿಂಗಳುಗಳಲ್ಲಿ ಕಲ್ಲು ಒಡೆಯುವ ಯಂತ್ರಗಳಿಗೆ ಕೂಲಿಗೆ ಹೋಗುವ ತರುಣರಿಗೆ ಇದನ್ನು ತಿಳಿಸಬೇಕು. ಹತ್ತಿಯ ಗಿರಣಿಗಳಲ್ಲಿ ದುಡಿಯುವವರಿಗೆ ವಾರದ ರಜೆಯ ಮರುದಿನ ಎದೆ ಬಿಗಿಯುವುದು, ಬೂಷ್ಟು ಹಿಡಿದ ಹುಲ್ಲನ್ನು ಬಿಚ್ಚಿದವರಿಗೆ ಸಂಜೆಗೆ ಜ್ವರ ಕೆಮ್ಮು ಬರುವುದು, ಇವೂ ಧೂಳಿನ ರೋಗಗಳೇ.

ಭತ್ತದ ಕೂಳೆಗೆ ಬೆಂಕಿಯಿಟ್ಟರೆ ಮಣ್ಣಿನ ಸತ್ವವೂ ಹೋಗುವುದು, ಉಬ್ಬಸದವರ ಉಸಿರೂ ಕಟ್ಟುವುದು. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಟ್ಟು ಮಲಗಕೂಡದು. ಅರೆಬೆಂದ ಇದ್ದಿಲಿನಿಂದ ಹುಟ್ಟುವ ವಾಯುವು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಕ್ಕ ಬಲದಿಂದ ಅಂಟಿಕೊಂಡು, ನಿದ್ರೆಯಲ್ಲಿಯೇ ಕೊಲ್ಲುವುದು.

ಕೀಟನಾಶಕಗಳಲ್ಲಿ ರಂಜಕ ಸಂಬಂಧದ ಔಷಧಗಳು ನರಗಳನ್ನು ಕೆಡಿಸುತ್ತವೆ. ಬೆವರು, ಜೊಲ್ಲು, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು, ಎದೆಯಲ್ಲಿ ಕಫ ತುಂಬುವುದು, ಕಡೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುವುದು, ಇವು ಲಕ್ಷಣಗಳು. ಗಾಳಿಯ ಎದುರು ಸಿಂಪಡಿಸಕೂಡದು. ಕೈಚೀಲ, ಮುಖವಸ್ತ್ರ, ಉದ್ದ ತೋಳಿನ ಅಂಗಿ ಬೇಕು. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದಕೂಡದು. ವಿಷ ತಗಲಿದವನ ಬಟ್ಟೆಯನ್ನು ತೆಗೆದು, ಮೈಯನ್ನು ಸಾಬೂನಿನಿಂದ ತೊಳೆದು, ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿಯ ಚೀಟಿಯನ್ನು ಓದಿದರೆ ವೈದ್ಯರಿಗೆ ಪ್ರತಿವಿಷವು ತಿಳಿಯುವುದು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕಾದರೋ ಪ್ರತಿವಿಷವೇ ಇಲ್ಲ. ಅದು ಶ್ವಾಸಕೋಶವನ್ನು ದಿನೇ ದಿನೇ ಗಟ್ಟಿಗೊಳಿಸಿ ಕೊಲ್ಲುವುದು. ಇಂತಹವನ್ನು ಕುಡಿಯುವ ನೀರಿನ ಸೀಸೆಗಳಲ್ಲಿ ತುಂಬಿಡುವುದು ಮಹಾಪರಾಧವೆಂದೇ ಎಣಿಸಬೇಕು.

೮. ಉಸಿರು ನಿಂತಾಗ

ಹೊರಗೆ ತಂದವನು ಉಸಿರಾಡದಿದ್ದರೆ, ಒಬ್ಬನು 108ಕ್ಕೆ ತಿಳಿಸುತ್ತಿರುವಾಗ ಇನ್ನೊಬ್ಬನು ಅವನನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲದಂತೆ, ಎದೆಯು ಸುಮಾರು ಎರಡು ಅಂಗುಲ ತಗ್ಗುವಂತೆ ಒತ್ತುತ್ತಿರಬೇಕು. ಅಭ್ಯಾಸವಿದ್ದವರು ಮೂವತ್ತು ಒತ್ತಿಗೆ ಎರಡು ಸಲ ಬಾಯಿಂದ ಗಾಳಿಯನ್ನು ಊದಬಹುದು. ವಿಷ ಕುಡಿದವನ ಬಾಯಿಗೆ ಬಾಯಿಯಿಡಕೂಡದು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರನ್ನು ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿಯುವುದು. ವೈದ್ಯರು ಬರುವವರೆಗೆ ಬಿಡದೆ ಒತ್ತುವುದೇ ಕರ್ತವ್ಯ. ಪ್ರತಿಯೊಂದು ಊರಿನಲ್ಲಿ ನಾಲ್ಕು ಮಂದಿ ತರುಣರಾದರೂ ಇದನ್ನು ಆರೋಗ್ಯ ಕೇಂದ್ರದಲ್ಲಿ ಕಲಿತಿರಬೇಕು.

ನೆನಪಿಡತಕ್ಕ ಮುಖ್ಯ ವಿಷಯಗಳು

1. ಹಗೇವನ್ನು ತೆರೆದು ಒಂದು ದಿನ ಬಿಟ್ಟು, ತಳದವರೆಗೆ ಗಾಳಿಯನ್ನು ಊದಿದ ಮೇಲೆಯೇ ಇಳಿಯುವ ಯೋಚನೆ ಮಾಡತಕ್ಕದ್ದು.

2. ಹಗ್ಗವಿಲ್ಲದೆ, ಮೇಲೆ ಜನವಿಲ್ಲದೆ ಯಾರೂ ಇಳಿಯಕೂಡದು. ಬಿದ್ದವನನ್ನು ಎತ್ತಲು ಮತ್ತೊಬ್ಬನು ಇಳಿಯಲೇ ಕೂಡದು.

3. ಕಾಳನ್ನು ಚೆನ್ನಾಗಿ ಒಣಗಿಸಿಯೇ ತುಂಬತಕ್ಕದ್ದು.

4. ಹೂ ಬಿಡದ ಜೋಳ, ಬಾಡಿದ ಜೋಳ, ಕೂಳೆಯ ಚಿಗುರುಗಳನ್ನು ದನಕ್ಕೆ ಮೇಯಿಸಕೂಡದು.

5. ರಕ್ತವು ಹೊಳೆಯುವ ಕೆಂಪೋ ಕಂದೋ ನೋಡಿ, ದನವು ತಿಂದುದನ್ನು ಪಶುವೈದ್ಯರಿಗೆ ಹೇಳತಕ್ಕದ್ದು.

6. ಮೇವಿನ ಬೆಳೆಗೆ ಯೂರಿಯಾವನ್ನು ಶಿಫಾರಸಿನ ಮಿತಿಯಲ್ಲಿಯೇ ಹಾಕತಕ್ಕದ್ದು.

7. ಬಿಳಿಚಿಕೊಂಡ ಹೆಂಗಸರು ಮಕ್ಕಳ ರಕ್ತವನ್ನು ಪರೀಕ್ಷೆ ಮಾಡಿಸಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಫವನ್ನು ಪರೀಕ್ಷೆ ಮಾಡಿಸಬೇಕು.

8. ಗಾಳಿಯ ದಿಕ್ಕನ್ನು ನೋಡಿ ಸಿಂಪಡಿಸಬೇಕು. ಔಷಧದ ಡಬ್ಬಿಯನ್ನು ಎಸೆಯದೆ ವೈದ್ಯರಿಗೆ ತೋರಿಸಬೇಕು.

ಮಹಾಜನರೇ, ಬೆಳೆ ಹೋದರೆ ಮರುವರ್ಷ ಬಂದೀತು. ಹೋದ ಉಸಿರು ಬಾರದು. ಮೇಲೆ ಹೇಳಿದವುಗಳಲ್ಲಿ ಹೆಚ್ಚು ಹಣ ಬೇಡುವುದು ಒಂದೂ ಇಲ್ಲ. ಒಂದು ಗಟ್ಟಿ ಹಗ್ಗ, ಒಂದು ಪಂಖ, ಕಾಲಿಗೆ ಮೆಟ್ಟು, ಸ್ವಲ್ಪ ತಾಳ್ಮೆ ಇಷ್ಟೇ ಸಾಕು. ತಾವು ಊರಿಗೆ ಹಿಂದಿರುಗಿದ ಮೇಲೆ, ಓದುಬಾರದವರಿಗೂ ಕೂಲಿಯವರಿಗೂ ಹೆಂಗಸರಿಗೂ ಈ ಮಾತುಗಳನ್ನು ಓದಿ ಹೇಳಬೇಕೆಂದು ಪ್ರಾರ್ಥಿಸಿ, ನನ್ನ ಉಪನ್ಯಾಸವನ್ನು ಮುಗಿಸುತ್ತೇನೆ.